ಹತ್ತಡಿಗೆ ಒಂದಡಿ: ಕೊಟ್ಟಿಗೆ ಮಾಡಿನ ಸಂದರ್ಶನ

ಪುನರ್ವಸು ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ಮಾತಿಗೆ ಉಳಿಯುವುದು ಎರಡೇ ವಿಷಯ: ಅಡಿಕೆಗೆ ಕೊಳೆ, ಮಾಡಿಗೆ ಸೋರಿಕೆ. ಕೊಳೆಯ ಬಗ್ಗೆ ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. ಸೋರಿಕೆಯ ಬಗ್ಗೆ ಹೇಳಲು ತೀರ್ಥಹಳ್ಳಿ ಕಡೆಯ ಹಿತ್ತಿಲೊಂದರ ಕೊಟ್ಟಿಗೆ ಮಾಡು ಒಪ್ಪಿಕೊಂಡಿತು. ಜಿಂಕ್ ಶೀಟಿನದು, ಒಂದೇ ಕಡೆಗೆ ಇಳಿಜಾರು. ಯಾರ ಮನೆಯದು, ಯಾವ ವಾಸ್ತು ಪಂಡಿತರು ಬಂದುಹೋದ ಮೇಲೆ ಎದ್ದದ್ದು ಎಂಬುದು ಊರಿಗೇ ಗೊತ್ತು, ಮತ್ತೆ ಬರೆಯುವುದಿಲ್ಲ. ಶೀಟಿನ ಮೇಲಿನ ಸದ್ದಿಗೆ ಇಬ್ಬರೂ ಕೂಗಿಕೊಂಡೇ ಮಾತಾಡಬೇಕಾಯಿತು.

ಪ್ರಶ್ನೆ: ನಮಸ್ಕಾರ. ಹೇಗಿದ್ದೀರಿ?

ಮಾಡು: ಮಲಗಿದ್ದೇನೆ ಮಾರಾಯ್ರೇ. ನಮ್ಮಜ್ಜ ಸೋಗೆಯವನು; ಹತ್ತಡಿ ಅಡ್ಡಕ್ಕೆ ಹತ್ತಡಿ ಎತ್ತರ ಏರಿ ನಿಂತಿದ್ದ. ಅಪ್ಪ ಮಂಗಳೂರು ಹಂಚು. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಲ್ಲಿ ಕಾರ್ಖಾನೆ ಹಾಕಿದನಲ್ಲ, ಆ ವಂಶ. ಅವನೂ ಹತ್ತಡಿಗೆ ಆರಡಿ ಹತ್ತಿರ ಏರುತ್ತಿದ್ದ. ನನಗೆ ಕೊಟ್ಟಿದ್ದು ಹತ್ತಡಿಗೆ ಒಂದಡಿ.

ಪ್ರಶ್ನೆ: ವಾಸ್ತುವಿನ ಪ್ರಕಾರ?

ಮಾಡು: ದುಡ್ಡಿನ ಪ್ರಕಾರ. ಹಳೇ ಅಡಿಕೆ ಶೆಡ್ಡಿನ ಶೀಟು ಬಿದ್ದಿತ್ತು, ಅದರಲ್ಲೇ ಮುಗಿಸಬೇಕು. ವೆಲ್ಡಿಂಗಿನ ಹುಡುಗ ಕೇಳಿದ, ‘ಮೂರಡಿ ವಾಟ ಕೊಡ್ಲಾ ಅಣ್ಣ?’ ಅಂತ. ‘ಒಂದಡಿ ಸಾಕು ಬಿಡಾ, ನೀರು ಹೆಂಗಿದ್ರೂ ಕೆಳಗೇ ಹೋಗ್ತದೆ’ ಅಂದರು ಯಜಮಾನರು. ಲೆಕ್ಕ ಹಾಕಿ ನೋಡಿ. ಹತ್ತಡಿಗೆ ಮೂರಡಿ ಏರಿಸಿದ್ದರೆ ಶೀಟು ಹೆಚ್ಚಿಗೆ ಬೇಕಾಗುತ್ತಿದ್ದುದು ಐದಿಂಚೂ ಇಲ್ಲ!

ಪ್ರಶ್ನೆ: ನೀರು ಕೆಳಗೇ ತಾನೇ ಹೋಗುವುದು?

ಮಾಡು: ಹೋಗುತ್ತದೆ, ನಿಧಾನಕ್ಕೆ. ಹಿಂದುಗಡೆ ಹಲಸಿನ ಮರ ಇದೆ ನೋಡಿ. ವಾಟ ಇದ್ದರೆ ಎಲೆ ನೀರಿನ ಜತೆಗೇ ಜಾರುತ್ತದೆ. ನನ್ನ ಮೇಲೆ ಬಿದ್ದದ್ದು ಶೀಟಿನ ತಗ್ಗಿನಲ್ಲಿ ಅಂಟಿಕೊಂಡಿತು. ಅದರ ಹಿಂದೆ ಇನ್ನೊಂದು, ಆಮೇಲೆ ಮಣ್ಣು, ಪಾಚಿ. ಈಗ ಒಂದು ಜರಿಗಿಡವೂ ಎದ್ದಿದೆ. ನೀರು ಅಲ್ಲಿ ಕಟ್ಟೆ ಕಟ್ಟಿಕೊಂಡು ನಿಂತು, ಶೀಟಿನ ಮೇಲೆ ಶೀಟು ಕೂತ ಕಡೆ ಸಂದಿಯೊಳಗೆ ಹಿಂದಕ್ಕೆ ಹತ್ತುತ್ತದೆ. ಅಲ್ಲಿ ಅರ್ಧ ಅಡಿಯಾದರೂ ಒಂದರ ಮೇಲೊಂದು ಬರಬೇಕಿತ್ತು. ಬಂದದ್ದು ಮೂರಿಂಚು. ಇನ್ನು ಸ್ಕ್ರೂ! ಉಬ್ಬಿನ ಮೇಲೆ ಹೊಡೆಯಬೇಕಾದ್ದನ್ನು ತಗ್ಗಿಗೆ ಹೊಡೆದಿದ್ದಾರೆ. ನೀರು ಹರಿಯುವ ದಾರಿಗೇ ತೂತು ಕೊರೆದು, ಕಾವಲಿಗೆ ಒಂದು ರಬ್ಬರ್ ವಾಷರ್. ಎರಡು ಬೇಸಿಗೆಗೆ ಅದು ಸೀಳಿಹೋಯಿತು.

ಪ್ರಶ್ನೆ: ಮಂಗನ ಕಾಟಕ್ಕೆ ಹಂಚು ತೆಗೆದು ಶೀಟು ಹಾಕಿದ್ದು ಅನ್ನುತ್ತಾರಲ್ಲ?

ಮಾಡು: ಅದನ್ನು ಹಂಚನ್ನು ಕೇಳಿ. ನಾನು ಸ್ಕ್ರೂ ವಿಷಯ ಹೇಳುತ್ತಿದ್ದೆ.

ಪ್ರಶ್ನೆ: ಸ್ಕ್ರೂ ಇರಲಿ. ನೈರುತ್ಯ ಎತ್ತರ ಇರಬೇಕು, ಈಶಾನ್ಯ ತಗ್ಗಿರಬೇಕು ಅಂತ ಪಂಡಿತರು ಹೇಳಿದ್ದು ನಿಜವೇ?

ಮಾಡು: ನಿಜ. ಆದರೆ ಸ್ಕ್ರೂ...

ಪ್ರಶ್ನೆ: ನೋಡಿ, ನಮ್ಮ ಮಳೆಯ ಹೆಸರೇ ನೈರುತ್ಯ ಮುಂಗಾರು. ಗಾಳಿ, ಎರಚಲು ಎರಡೂ ಆ ಕಡೆಯಿಂದಲೇ. ಅತ್ತ ಮಾಡನ್ನು ಎತ್ತರಿಸಿ ಬಾಯಿ ತೆರೆದಿಟ್ಟರೆ ದನ ಮಳೆಯಲ್ಲೇ ನಿಂತಂತಲ್ಲವೇ? ಗಾಳಿ ಒಳನುಗ್ಗಿ ಶೀಟು ಕಿತ್ತೊಯ್ಯುವುದಿಲ್ಲವೇ? ಅತ್ತ ಕಡೆ ಸೂರು ತಗ್ಗಿಸಿ, ಮಳೆಗೆ ಬೆನ್ನು ಕೊಟ್ಟು ಕಟ್ಟುವುದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲವೇ? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಸುರಿಯುತ್ತದೆ. ಚಳ್ಳಕೆರೆಗೂ ಆಗುಂಬೆಗೂ ಒಂದೇ ಈಶಾನ್ಯವೇ? ದಿಕ್ಸೂಚಿ ಹಿಡಿದು ಬಂದವರು ಮಳೆಮಾಪಕ ಯಾಕೆ ತರುವುದಿಲ್ಲ?

ಮಾಡು: ಇದು ಪ್ರಶ್ನೆಯೋ, ನಿಮ್ಮ ಮುಂದಿನ ವಾರದ ಅಂಕಣವೋ? ಅಡಿಕೆ ಸೋಗೆಯ ಜಡಿ ಕಟ್ಟಿದರೆ ನಿಮ್ಮ ಎರಚಲು ಅರ್ಧ ನಿಲ್ಲುತ್ತದೆ. ವಾಟಕ್ಕೆ ಯಾವ ಜಡಿ ಕಟ್ಟುತ್ತೀರಿ?

ಪ್ರಶ್ನೆ: ಸೋರಿದರೆ ರಿಪೇರಿ ಮಾಡಿಸಬಹುದಲ್ಲ? ಸಿಲಿಕಾನ್ ಬಂದಿದೆ, ಟೇಪು ಬಂದಿದೆ.

ಮಾಡು: ಹಚ್ಚುವವರು ಯಾರು?

ಪ್ರಶ್ನೆ: ಅಂದರೆ?

ಮಾಡು: ಯಜಮಾನರು ಯಾವತ್ತಾದರೂ ನನ್ನ ಮೇಲೆ ಹತ್ತಿದ್ದಾರೆಯೇ? ಹೋದ ವರ್ಷ ಆಶ್ಲೇಷ ಮಳೆಯಲ್ಲಿ ಹತ್ತಿಸಿದ್ದು ತೋಟದ ಕೆಲಸಕ್ಕೆ ಬಂದವನನ್ನು. ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲಿ ಸಿಲಿಕಾನ್ ಟ್ಯೂಬು. ಹಗ್ಗವಿಲ್ಲ, ಏಣಿ ಹಿಡಿಯಲು ಜನವಿಲ್ಲ. ಒಳಗೆ ಬೆಳಕು ಬರಲಿ ಅಂತ ನಡುವೆ ಒಂದು ಫೈಬರ್ ಶೀಟು ಹಾಕಿದ್ದರು. ಬಿಸಿಲಿಗೆ ಅದು ಪುಡಿಪುಡಿಯಾಗುವ ಹಾಗಾಗಿತ್ತು. ಪಾಚಿ ಹಿಡಿದ ಮೇಲೆ ಯಾವುದು ಫೈಬರ್, ಯಾವುದು ಜಿಂಕ್ ಅಂತ ತಿಳಿಯುವುದು ಹೇಗೆ? ಕಾಲಿಟ್ಟ. ಕೆಳಗೆ ಬಾನಿಯ ಕಲ್ಲಿನ ಮೇಲೆ ಬಿದ್ದ. ಸೊಂಟ ಮುರಿಯಿತು. ಸುಗ್ಗಿಯಲ್ಲಿ ಮರದಿಂದ ಮರಕ್ಕೆ ಹಾರಿ ಕೊನೆ ತೆಗೆಯುತ್ತಿದ್ದ ಆಳಿಗೆ ಈಗ ಜಗಲಿ ಇಳಿಯಲು ಹೆಂಡತಿಯ ಹೆಗಲು ಬೇಕು. ಯಜಮಾನರು ಕೊಟ್ಟದ್ದು ಆಸ್ಪತ್ರೆಗೆ ಹೋದ ಜೀಪಿನ ಬಾಡಿಗೆ. ‘ನೋಡಿಕೊಂಡು ಕಾಲಿಡಬೇಕಿತ್ತು’ ಎಂಬ ಬುದ್ಧಿಮಾತು ಬೇರೆ.

ಪ್ರಶ್ನೆ: ವಾಟ ಜಾಸ್ತಿ ಇದ್ದಿದ್ದರೆ ಅವನು ಜಾರಿ ಬೀಳುತ್ತಿರಲಿಲ್ಲವೇ?

ಮಾಡು: ವಾಟ ಇದ್ದಿದ್ದರೆ ಅವನು ಹತ್ತುವ ಕೆಲಸವೇ ಇರುತ್ತಿರಲಿಲ್ಲ. ಐದಿಂಚು ಶೀಟು ಉಳಿಸಿದ್ದು ಒಬ್ಬ, ಅದಕ್ಕೆ ಸೊಂಟ ತೆತ್ತದ್ದು ಇನ್ನೊಬ್ಬ. ಬರೆದುಕೊಳ್ಳಿ.

ಪ್ರಶ್ನೆ: ಬರೆದುಕೊಂಡೆ. ಹಾಗಾದರೆ ಹಿತ್ತಿಲಲ್ಲಿ ಹೊಸದಾಗಿ ಕಟ್ಟುವವರಿಗೆ ಎಷ್ಟು ವಾಟ ಹೇಳೋಣ?

ಮಾಡು: ಮೇಲೆ ಏನು ಹಾಕುತ್ತೀರಿ ಅಂತ ಮೊದಲು ತೀರ್ಮಾನ ಮಾಡಲಿ, ಆಮೇಲೆ ಕಂಬ ಕಡಿಯಲಿ. ಸೋಗೆಯೋ ಹುಲ್ಲೋ ಆದರೆ ಹತ್ತಡಿಗೆ ಹತ್ತಡಿ; ತಗ್ಗಿಸಿದರೆ ಕೊಳೆಯುತ್ತದೆ. ಹಂಚಾದರೆ ಆರಡಿ. ಶೀಟಾದರೆ ನಮ್ಮ ಮಳೆಗೆ ಮೂರಡಿಗಿಂತ ಕೆಳಗೆ ಬೇಡ, ಮರದ ಅಡಿಯಾದರೆ ನಾಲ್ಕಿರಲಿ. ನೀರು ಮನೆ ಗೋಡೆಯ ಕಡೆ ಇಳಿಯಬಾರದು. ಸ್ಕ್ರೂ ಉಬ್ಬಿಗೆ. ಉಬ್ಬಿಗೆ!

ಪ್ರಶ್ನೆ: ಮನೆಗೆ ತಾರಸಿ ಹಾಕಿಸಿ, ಅದು ಸೋರುತ್ತದೆಂದು ಅದರ ಮೇಲೊಂದು ಶೀಟಿನ ಮಾಡು ಕಟ್ಟುವವರಿಗೆ?

ಮಾಡು: ಅವರಿಗೆ ಅಜ್ಜನ ಬುದ್ಧಿ ಅರ್ಥವಾಗಲು ಎರಡು ಮಾಡಿನ ಖರ್ಚು ಬೇಕಾಯಿತು ಅಷ್ಟೆ.

ಪ್ರಶ್ನೆ: ಕೊನೆಯದಾಗಿ, ವಾಸ್ತು ಪಂಡಿತರಿಗೆ ಏನಾದರೂ...

ಮಾಡು: ಅವರನ್ನು ನೀವೇ ನೋಡಿಕೊಳ್ಳಿ. ನನ್ನ ಮಾತು ಯಜಮಾನರಿಗೆ. ಮುಂದಿನ ಸಲ ಸೋರಿದಾಗ ಟ್ಯೂಬು ಹಿಡಿದು ಅವರೇ ಹತ್ತಲಿ. ಒಂದು ಸಲ ಹತ್ತಿ ಇಳಿದರೆ ಸಾಕು, ಹತ್ತಡಿಗೆ ಎಷ್ಟು ವಾಟ ಬೇಕು ಅಂತ ಊರಿಗೆಲ್ಲ ಅವರೇ ಹೇಳಿಕೊಂಡು ತಿರುಗುತ್ತಾರೆ.