ಹಂಪಸಾಗರೀಯ ಪಕ್ಷಿರೇಖಾ ಮೀಮಾಂಸೆ

ಪ್ರಥಮ ಸೂತ್ರ: ಹಕ್ಕಿಯ ಚಿತ್ರ ಬರೆಯಹೊರಟಾಗಲೇ ತಿಳಿಯುವುದು, ಅದನ್ನು ನೋಡಿಲ್ಲವೆಂದು.

ಕ್ಷೇತ್ರನಿರ್ಣಯ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರವು ತುಂಗಭದ್ರೆಯ ಹಿನ್ನೀರಿನ ದಡದ ಊರು. ಅದೇ ತಾಲ್ಲೂಕಿನ ಅಂಕಸಮುದ್ರದ ಕೆರೆ 98.76 ಹೆಕ್ಟೇರ್, 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಈ ಬಿರುದಿನ ಸುದ್ದಿ ಕೊಕ್ಕರೆಗಳಿಗೆ ಮುಟ್ಟಿದ ಲಕ್ಷಣವಿಲ್ಲ. ಜಾಲಿಮರದ ಮೇಲೆ ಜಾಗಕ್ಕಾಗಿ ಮೊದಲಿನಂತೆಯೇ ಕಿತ್ತಾಡುತ್ತವೆ.

ಪೂರ್ವಪಕ್ಷ. ಮೊಳದುದ್ದ ಲೆನ್ಸಿನವರು ಹೀಗೆನ್ನುತ್ತಾರೆ: ಕ್ಷಣಮಾತ್ರದಲ್ಲಿ ಹತ್ತು ಚಿತ್ರ ಸಿಗುವಾಗ ಪೆನ್ಸಿಲ್ ಯಾಕೆ? ಉತ್ತರ: ಬಣ್ಣದ ಕೊಕ್ಕರೆಯ ಗುಲಾಬಿ ಗರಿ ಎದೆಯಲ್ಲಿದೆಯೋ ಬಾಲದ ಕಡೆಯೋ ಎಂದು ಇವರನ್ನು ಕೇಳಿರಿ. ತಕ್ಷಣ ಕ್ಯಾಮೆರಾ ತಿರುಗಿಸಿ ಹುಡುಕತೊಡಗುತ್ತಾರೆ. ಜ್ಞಾನವು ಮೆಮೊರಿ ಕಾರ್ಡಿನಲ್ಲಿದೆ, ಜ್ಞಾನಿಯಲ್ಲಿಲ್ಲ ಎಂದು ಸಿದ್ಧವಾಯಿತು. (ಗರಿ ಬಾಲದ ಕಡೆಯೇ ಇದೆ, ಎದೆಗೆ ಕಪ್ಪುಪಟ್ಟಿ.)

ಮೊಣಕಾಲು ವಿವಾದ. ಇದು ಶಾಸ್ತ್ರದ ಜೀವಾಳ. ಕಾಲೆಂದರೆ ತಮ್ಮ ಕಾಲೇ ಎಂದು ನಂಬಿದ ಪಂಡಿತರು ಕೊಕ್ಕರೆಯ ಕಾಲನ್ನೂ ಮುಂದಕ್ಕೆ ಬಾಗಿಸುತ್ತಾರೆ. ಹಾಳೆಯ ಮೇಲೆ ಪಂಚೆ ಎತ್ತಿ ಕಟ್ಟಿದ ಶಾನುಭೋಗರಂಥವರೊಬ್ಬರು ಮೂಡುತ್ತಾರೆ. ನವ್ಯರು ಕಣ್ಣಿಗೆ ಕಂಡಂತೆ ಹಿಂದಕ್ಕೆ ಬಾಗಿಸಿ, ಹಕ್ಕಿಯ ಮೊಣಕಾಲು ಉಲ್ಟಾ ಎಂದು ಸಾರುತ್ತಾರೆ. ಗೆರೆ ಸರಿ, ವ್ಯಾಖ್ಯಾನ ತಪ್ಪು. ಹಿಂದಕ್ಕೆ ಬಾಗಿದ್ದು ಪಾದದ ಕೀಲು. ಮೊಣಕಾಲು ಮೇಲೆ ಗರಿಯೊಳಗೆ ಅಡಗಿದೆ. ಹಕ್ಕಿ ನಿಂತಿರುವುದು ಬರೀ ಬೆರಳ ಮೇಲೆ.

ಇಷ್ಟು ಗೊತ್ತಿದ್ದೂ ಚಿತ್ರ ಕೆಡುತ್ತದೆ. ಆಗ ಬೆನ್ನ ಹಿಂದೆ ಬಂದು ನಿಲ್ಲುವ ಕುರಿ ಕಾಯುವ ಅಜ್ಜನ ಮಾತೇ ಆಪ್ತವಾಕ್ಯ. ಅವನ ತೀರ್ಪು ಮೂರು ಪದದ್ದು: “ನಿಮ್ ಹಕ್ಕಿ ಬೀಳ್ತೈತ್ರಿ.” ಮೈಭಾರ ಬೆರಳುಗಳ ನೇರಕ್ಕೆ ಬರಬೇಕೆಂಬ ತತ್ತ್ವಕ್ಕೆ ಇದಕ್ಕಿಂತ ಚಿಕ್ಕ ಭಾಷ್ಯವಿಲ್ಲ.

ಕತ್ತಿನ ಪ್ರಕರಣ ಸುಲಭ. ಹಾರುವಾಗ ಬೆಳ್ಳಕ್ಕಿ ಕತ್ತು ಮಡಚುತ್ತದೆ, ಕೊಕ್ಕರೆ ಚಾಚುತ್ತದೆ.

ವಿಧಿ. ಮೊದಲು ಮೈಯ ವಾಲು, ಆಮೇಲೆ ಕೊಕ್ಕು. ಗರಿಗಳನ್ನು ಎಣಿಸುವ ಚಪಲ ನಿಷಿದ್ಧ. ಹಕ್ಕಿ ಮಗ್ಗುಲು ಬದಲಿಸಿದರೆ ಬಯ್ಯದೆ ಪಕ್ಕದಲ್ಲಿ ಇನ್ನೊಂದನ್ನು ಶುರುಮಾಡತಕ್ಕದ್ದು. ಹಳೆಯ ಭಂಗಿಗೆ ಅದು ಮರಳುವುದುಂಟು. ರೆಕ್ಕೆ ಹರಡಿ ಒಣಗಿಸುತ್ತ ಕೂರುವ ನೀರುಕಾಗೆ ಆರಂಭಿಕರ ಪಾಲಿನ ದಯಾಮಯಿ. ಮಿಂಚುಳ್ಳಿಯ ಬೆನ್ನುಹತ್ತಿದವರಿಗೆ ಖಾಲಿ ಕೊಂಬೆಯ ಉತ್ತಮ ಚಿತ್ರಗಳು ಪ್ರಾಪ್ತವಾಗುತ್ತವೆ.

ದಂಡಪ್ರಕರಣ. ತಪ್ಪು ಗೆರೆ ಕಣ್ಣೆದುರಿಗಿದ್ದರೇ ಮುಂದಿನದು ತಿದ್ದಿಕೊಳ್ಳುವುದು. ಆದ್ದರಿಂದ ಜೇಬಿನಲ್ಲಿ ರಬ್ಬರ್ ಸಿಕ್ಕಿದವರು ಜೊತೆಗೆ ಕೂತು ಬರೆಯುವವರಿಗೆಲ್ಲ ಮಂಡಕ್ಕಿ, ಮಿರ್ಚಿ ಕೊಡಿಸತಕ್ಕದ್ದು. ಅಜ್ಜನಿಗೆ ಎರಡು ಪ್ಲೇಟು.