ಪುನರಾಟ ಮೀಮಾಂಸೆ: ಹಾಸನ ಸೀಮೆಯ ಫ್ಲಾಪಿ ಪಾಠಗಳ ಕಾಲ, ಕರ್ತೃ ಮತ್ತು ಪಾಠಾಂತರ ವಿಚಾರ

ಒಮ್ಮೆ ಗೆದ್ದು ಮುಗಿಸಿದ ಕಂಪ್ಯೂಟರ್ ಆಟವನ್ನು, ಮದುವೆಯಾಗಿ, ಸಾಲ ಮಾಡಿ ಮನೆ ಕಟ್ಟಿಸಿ, ಬಿಪಿ ಮಾತ್ರೆ ಶುರುವಾದ ಮೇಲೆ ಮತ್ತೆ ಮೊದಲಿನಿಂದ ಆಡಲು ಕೂರುವ ಕ್ರಿಯೆಗೆ ಈ ಪ್ರಬಂಧದಲ್ಲಿ ‘ಪುನರಾಟ’ ಎಂದು ಹೆಸರಿಟ್ಟಿದ್ದೇನೆ. ‘ಪುನರಾವರ್ತನೆ’ ಎಂದರೆ ಸಾಲದೇ ಎಂದು ಪಂಡಿತರು ಕೇಳಬಹುದು. ಅದು ಪರೀಕ್ಷೆಗೆ ಮುಂಚೆ ಮಾಡುವಂಥದ್ದು. ಯಾರೂ ಮನಸಾರೆ ಮಾಡಿದ್ದಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ರೂಢಿಯಲ್ಲಿರುವ ಪಾರಿಭಾಷಿಕ ಪದ ‘ಮಾಡೋಕೆ ಬೇರೆ ಕೆಲ್ಸ ಇಲ್ವಾ’. ಶಾಸ್ತ್ರಸಮ್ಮತವೇ ಆದರೂ ಉದ್ದವಾಯಿತೆಂದು ಕೈಬಿಟ್ಟಿದ್ದೇನೆ.

ಅಧ್ಯಯನದ ವ್ಯಾಪ್ತಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಸಕಲೇಶಪುರ ಅರಸೀಕೆರೆಗಳನ್ನು ಬಿಡಲು ಕಾರಣ, ಅಲ್ಲಿ ನನಗೆ ನೆಂಟರಿಲ್ಲ. ಈ ಜಿಲ್ಲೆಯನ್ನೇ ಆರಿಸಿಕೊಂಡದ್ದಕ್ಕೆ ಮಾತ್ರ ಶಾಸನಾಧಾರವಿದೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಸಿಕ್ಕಿದ್ದು ಇಲ್ಲಿಯ ಬೇಲೂರು ತಾಲ್ಲೂಕಿನಲ್ಲಿ. ಅಂದರೆ ಗಟ್ಟಿ ವಸ್ತುವಿನ ಮೇಲೆ ಏನಾದರೊಂದು ಬರೆದಿಟ್ಟು, ಮುಂದಿನವರು ಓದಿಕೊಂಡು ಒದ್ದಾಡಲಿ ಎಂದು ಬಿಟ್ಟುಹೋಗುವ ಚಟ ನಮ್ಮವರಿಗೆ ಹೊಸದಲ್ಲ. ಆ ಕಲ್ಲು ಒಂದೂವರೆ ಸಾವಿರ ವರ್ಷ ತಾಳಿತು. ನಮ್ಮ ಫ್ಲಾಪಿಗಳು ಒಂದು ಮಳೆಗಾಲ ತಾಳಿದವು.

ಆಟಗಳ ಭಾಷಾವಸ್ಥೆಗಳು ಮೂರು. ಕೀಲಿಮಣೆಯಲ್ಲಿ ಇಂಗ್ಲಿಷ್ ಆಜ್ಞೆ ಕುಟ್ಟಿ ಆಡುವುದು ಹಳಗನ್ನಡ. ಮೌಸ್ ಒತ್ತಿ ಆಡುವುದು ನಡುಗನ್ನಡ. ಮೂರು ಆಯಾಮದಲ್ಲಿ ಓಡಾಡುತ್ತ ಕಂಡಕಂಡದ್ದಕ್ಕೆ ಗುಂಡು ಹೊಡೆಯುವುದು ಹೊಸಗನ್ನಡ. ಅದರ ವಿಷಯದಲ್ಲಿ ಈ ಪ್ರಬಂಧಕ್ಕೆ ಹೇಳುವುದೇನೂ ಇಲ್ಲ. ಹಳಗನ್ನಡದ ಆಕರಗ್ರಂಥ, ಸಿಯೆರಾ ಕಂಪನಿಯ 1986ರ ‘ಸ್ಪೇಸ್ ಕ್ವೆಸ್ಟ್’. ಕರ್ತೃಗಳು ಮಾರ್ಕ್ ಕ್ರೋ, ಸ್ಕಾಟ್ ಮರ್ಫಿ. ನಾಯಕ ರೋಜರ್ ವಿಲ್ಕೋ ವಿಜ್ಞಾನಿಯಲ್ಲ, ಯೋಧನಲ್ಲ, ಬಾಹ್ಯಾಕಾಶ ನೌಕೆಯ ಕಸ ಗುಡಿಸುವವನು. ಪೊರಕೆ ಇಡುವ ಗೂಡಿನಲ್ಲಿ ನಿದ್ದೆ ಹೊಡೆಯುತ್ತಿದ್ದುದರಿಂದಲೇ ಶತ್ರುಗಳ ಕೈಗೆ ಸಿಗದೆ ಬದುಕುತ್ತಾನೆ. ನೌಕೆ ಸಿಡಿಯಲು ಹದಿನೈದು ನಿಮಿಷ ಇರುತ್ತದೆ. ಕೊನೆಯ ಬೆಂಚಿನವರಿಗೆ ಇಷ್ಟು ಗೌರವ ಕೊಟ್ಟ ಕೃತಿ ಅದಕ್ಕೆ ಮುಂಚೆ ನಮ್ಮ ಪಠ್ಯದಲ್ಲಿ ಬಂದಿರಲಿಲ್ಲ. ‘ಲುಕ್’, ‘ಗೆಟ್ ಕಾರ್ಡ್’, ‘ಓಪನ್ ಡೋರ್’: ಒಂದೆರಡು ಪದದಲ್ಲಿ ಕೆಲಸ ಆಗುತ್ತಿದ್ದುದರಿಂದ ಕನ್ನಡ ಮಾಧ್ಯಮದ ನಾವು ಇಂಗ್ಲಿಷ್ ಎಂದರೆ ಇಷ್ಟೇ ಎಂದುಕೊಂಡೆವು. ಹತ್ತನೇ ತರಗತಿಯಲ್ಲಿ ರಜೆ ಕೇಳುವ ಪತ್ರವನ್ನು ‘ಗಿವ್ ಲೀವ್’ ಎಂದು ಬರೆದು ನಾನು ಹೊರಗೆ ಬಂದಿದ್ದೆ.

ಇನ್ನು ಪಾಠಾಂತರ. ಇಲ್ಲಿ ನಮ್ಮ ಮೂಲಗ್ರಂಥ ನಡುಗನ್ನಡಕ್ಕೆ ಸೇರಿದ, 1991ರ ‘ಸ್ಪೇಸ್ ಕ್ವೆಸ್ಟ್ 4’. ಇದರಲ್ಲಿ ರೋಜರ್ ಕಾಲಯಾನ ಮಾಡಿ, ಇನ್ನೂ ಯಾರೂ ಬರೆದೇ ಇರದ 12ನೇ ಕಂತಿಗೆ ಹೋಗುತ್ತಾನೆ. ಅಲ್ಲಿಂದ ಸುತ್ತಿ ಸುಳಿದು ತನ್ನದೇ ಮೊದಲ ಕಂತಿಗೂ ವಾಪಸು ಬರುತ್ತಾನೆ. ಪುನರಾಟ ಮಾಡುವವರನ್ನು ಆಟವೇ ಮೊದಲು ಗೇಲಿ ಮಾಡಿಬಿಟ್ಟಿದೆ ಎಂಬುದನ್ನು ವಿದ್ವಾಂಸರು ಗಮನಿಸಬೇಕು.

ಮೂಲಪ್ರತಿ ಇದ್ದದ್ದು ಹಾಸನದ ಒಬ್ಬ ಗೆಳೆಯನ ಮನೆಯಲ್ಲಿ. ಅದನ್ನು ಆರು ತುಂಡು ಮಾಡಿ, ಆರು ಫ್ಲಾಪಿಗೆ ತುಂಬಿ, ಕೆಂಪು ಬಸ್ಸಿನಲ್ಲಿ ಊರೂರಿಗೆ ಒಯ್ಯಲಾಯಿತು. ಬಸ್ಸಿನಲ್ಲಿ ಸ್ಪೀಕರ್ ಕೆಳಗಿನ ಸೀಟಿನಲ್ಲಿ ಕೂರಬಾರದು, ಅಯಸ್ಕಾಂತಕ್ಕೆ ಫ್ಲಾಪಿ ಅಳಿಸಿಹೋಗುತ್ತದೆ ಎಂಬುದು ಲಿಪಿಕಾರರ ಮಡಿ. ಹೀಗೆ ಮೂರು ಶಾಖೆಗಳು ಹುಟ್ಟಿದವು.

ಅರಕಲಗೂಡು ಶಾಖೆಗೆ ಸೇರಿದವನು ನಾನು. ಅಲ್ಲಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾಲ್ಕನೇ ಫ್ಲಾಪಿ ಕಳೆದುಹೋಯಿತು. ಹಾಗಾಗಿ ನಮ್ಮ ಪಾಠದಲ್ಲಿ ರೋಜರ್ ಕಾಲಯಂತ್ರ ಹತ್ತುತ್ತಾನೆ, ಬಾಗಿಲು ಮುಚ್ಚುತ್ತದೆ, ಪರದೆ ನಿಂತುಬಿಡುತ್ತದೆ. ಇದೇ ಕೃತಿಯ ಮುಕ್ತಾಯ, ಹತ್ತಿದವನು ಇಳಿಯಬಾರದೆಂಬುದೇ ಇದರ ದರ್ಶನ ಎಂದು ನಾವು ಎರಡು ವರ್ಷ ವಾದಿಸಿದೆವು. ಹೊಳೆನರಸೀಪುರ ಶಾಖೆಯಲ್ಲಿ ಆರೂ ಫ್ಲಾಪಿ ಇದ್ದವು, ಆದರೆ ಮಾನಿಟರ್ ಕಪ್ಪುಬಿಳುಪಿನದು. ಚನ್ನರಾಯಪಟ್ಟಣದಲ್ಲಿ ಬಣ್ಣವಿತ್ತು, ಸ್ಪೀಕರ್ ಇರಲಿಲ್ಲ, ಅವರು ಮೌನಿಗಳು.

ಈ ಮೌನದಿಂದ ಇನ್ನೊಂದು ದೊಡ್ಡ ವಿವಾದ ಎದ್ದಿತು. ಫ್ರಾನ್ಸಿನ ಎರಿಕ್ ಶಾಯಿ 1991ರಲ್ಲಿ ಹೆಚ್ಚುಕಡಿಮೆ ಒಬ್ಬನೇ ಕೂತು ಮಾಡಿದ ‘ಅನದರ್ ವರ್ಲ್ಡ್’ ಎಂಬ ಆಟದಲ್ಲಿ, ಸಿಡಿಲು ಬಡಿದ ಪ್ರಯೋಗಾಲಯದಿಂದ ವಿಜ್ಞಾನಿಯೊಬ್ಬ ಬೇರೊಂದು ಲೋಕದ ಕೊಳಕ್ಕೆ ಬೀಳುತ್ತಾನೆ. ತಕ್ಷಣ ಮೇಲಕ್ಕೆ ಈಜದಿದ್ದರೆ ಸತ್ತ. ಮುಂದೆ ಅವನನ್ನು ಪಂಜರದಲ್ಲಿ ನೇತುಹಾಕುತ್ತಾರೆ. ಪಂಜರವನ್ನು ಆಚೆಗೀಚೆಗೆ ತೂಗಿ, ಕಾವಲುಗಾರನ ಮೇಲೆ ಬೀಳಿಸಿ ತಪ್ಪಿಸಿಕೊಂಡಾಗ, ಜೊತೆಗಿದ್ದ ಅನ್ಯಲೋಕದವನು ಹೆಗಲ ಮೇಲೆ ಕೈಯಿಟ್ಟು ಏನೋ ಒಂದು ಮಾತು ಹೇಳುತ್ತಾನೆ. ಅದಕ್ಕೆ ಅರ್ಥವನ್ನು ಆಟ ಎಲ್ಲಿಯೂ ಕೊಡುವುದಿಲ್ಲ. ಹೇಮಾವತಿ ನಾಲೆಯ ಪಕ್ಕದಲ್ಲಿ ಬೆಳೆದ ಹೊಳೆನರಸೀಪುರದವರಿಗೆ ಅದರಲ್ಲಿ ‘ತೂಬು’ ಎಂದು ಸ್ಪಷ್ಟವಾಗಿ ಕೇಳಿಸಿತು. ನೀರು ಬಿಟ್ಟರೇ ಎಂದು ಅವನು ವಿಚಾರಿಸುತ್ತಿದ್ದಾನೆ ಎಂಬುದು ಅವರ ಸಿದ್ಧಾಂತ. ಅರಕಲಗೂಡಿನಲ್ಲಿ ಬರೀ ಗರಗರ ಎಂದಿತು. ಚನ್ನರಾಯಪಟ್ಟಣದವರು, ಅವನು ಮಾತೇ ಆಡಲಿಲ್ಲ, ಹೆಗಲು ಮುಟ್ಟಿದನಷ್ಟೇ ಎಂದು ಪಟ್ಟು ಹಿಡಿದರು. ಈಗ ಯೋಚಿಸಿದರೆ ಅವರದೇ ಉತ್ತಮ ಪಾಠ ಅನ್ನಿಸುತ್ತದೆ.

ಕಾಲನಿರ್ಣಯಕ್ಕೆ ಬರೋಣ. ಬಹಿರ್ಸಾಕ್ಷ್ಯದ ಪ್ರಕಾರ ಇದೆಲ್ಲ ನಡೆದದ್ದು ‘ಗೌಡ್ರು ಪ್ರಧಾನಿ ಆಗಿದ್ದಾಗ’. ಹೊಳೆನರಸೀಪುರದವರು ಮದುವೆ, ಬಾವಿ, ಬೋರ್‌ವೆಲ್ ಎಲ್ಲಕ್ಕೂ ಇದೇ ಶಕೆ ಬಳಸುತ್ತಾರೆ. ಎಚ್.ಡಿ. ದೇವೇಗೌಡರು ಪ್ರಧಾನಿಯಾದದ್ದು 1996ರ ಜೂನ್ 1ರಂದು. ಇಳಿದದ್ದು 1997ರ ಏಪ್ರಿಲ್‌ನಲ್ಲಿ. ಆದರೆ ಅಂತರ್ಸಾಕ್ಷ್ಯ ಬೇರೆಯದೇ ಹೇಳುತ್ತದೆ. ಅರಕಲಗೂಡಿನ ಪ್ರತಿಯ ಪ್ರತಿಯೊಂದು ಫೈಲಿನ ಮೇಲೂ 1980ರ ಜನವರಿ 1 ಎಂದೇ ಇದೆ. ಆ ಲೆಕ್ಕದಲ್ಲಿ, ಎರಿಕ್ ಶಾಯಿ ಇನ್ನೂ 12 ವರ್ಷದ ಹುಡುಗನಾಗಿದ್ದಾಗಲೇ ಅವನ ಕೃತಿ ಅರಕಲಗೂಡಿನಲ್ಲಿ ಪ್ರಚಾರದಲ್ಲಿತ್ತು. ಫ್ರಾನ್ಸಿನವರು ನಮ್ಮಿಂದ ಎರವಲು ಪಡೆದರು. ಒಳಗಿನ ಬ್ಯಾಟರಿ ಸತ್ತ ಕಂಪ್ಯೂಟರ್, ಹಾಕಿದಾಗಲೆಲ್ಲ 1980ರ ಜನವರಿ 1 ಎಂದೇ ತೋರಿಸುತ್ತದೆ ಎಂಬ ಕ್ಷುಲ್ಲಕ ಆಕ್ಷೇಪವನ್ನು ನಾನು ಬಲ್ಲೆ. ಇದಕ್ಕಿಂತ ಸಣ್ಣ ಆಧಾರದ ಮೇಲೆ ಕವಿಗಳ ಜನ್ಮಸ್ಥಳ ಬದಲಾಯಿಸಿದ್ದಾರೆ.

ಪ್ರಕ್ಷಿಪ್ತ ಭಾಗಗಳ ನಿರ್ಣಯಕ್ಕೂ ಈ ಬ್ಯಾಟರಿಯೇ ನೆರವಾಗುತ್ತದೆ. ಫ್ಲಾಪಿಗಳ ಜೊತೆ ‘ಜೋಶಿ’ ಎಂಬ ವೈರಸ್ ಕೂಡ ಊರೂರು ಅಲೆಯುತ್ತಿತ್ತು. 1990ರಲ್ಲಿ ಭಾರತದಲ್ಲೇ ಮೊದಲು ಪತ್ತೆಯಾದ ಇದು, ಜನವರಿ 5ರಂದು ಕಂಪ್ಯೂಟರನ್ನು ನಿಲ್ಲಿಸಿ, ‘ಹ್ಯಾಪಿ ಬರ್ತ್‌ಡೇ ಜೋಶಿ’ ಎಂದು ಟೈಪ್ ಮಾಡಿ ಎಂದು ಕೇಳುತ್ತಿತ್ತು. ಆಜ್ಞೆ ಕುಟ್ಟಿ ಬಾಗಿಲು ತೆರೆಸಿ ರೂಢಿಯಿದ್ದ ಚನ್ನರಾಯಪಟ್ಟಣದವರು ಇದೂ ಆಟದ ಒಗಟೇ ಎಂದು ತಿಳಿದು ಟೈಪ್ ಮಾಡಿದರು. ಕಂಪ್ಯೂಟರ್ ಮುಂದುವರಿಯಿತು. ಜೋಶಿ ಯಾವ ಗ್ರಹದವನು ಎಂದು ಹುಡುಕುತ್ತ ಅವರು ಬೇಸಿಗೆ ರಜೆ ಕಳೆದರು. ಅರಕಲಗೂಡು ಪಾಠದಲ್ಲಿ ಜೋಶಿ ಬರುವುದಿಲ್ಲ. ನಮ್ಮಲ್ಲಿ ಜನವರಿ 5 ಬರುತ್ತಲೇ ಇರಲಿಲ್ಲ. ಪ್ರತಿದಿನ ಜನವರಿ 1. ನಾಲ್ಕು ದಿನ ಸತತ ಕರೆಂಟು ಇದ್ದಿದ್ದರೆ ಮಾತು ಬೇರೆ.

ಪುನರಾಟ ಎಷ್ಟು ವರ್ಷಕ್ಕೊಮ್ಮೆ ವಿಹಿತ? ಉತ್ತರ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಇದೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಈಚೆಗೆ ನಡೆದದ್ದು 1981, 1993, 2006, 2018ರಲ್ಲಿ. ಮೂರ್ತಿ ಅದೇ, ಬೆಟ್ಟ ಅದೇ, ಹತ್ತುವ ಮಂಡಿ ಮಾತ್ರ ಬೇರೆ. ಒಗಟುಗಳ ಉತ್ತರ ಮರೆಯಲು ನನ್ನಂಥವನಿಗೂ ಹನ್ನೆರಡು ವರ್ಷ ಸಾಕು. ಈ ಶಾಸ್ತ್ರದ ಪ್ರಕಾರ 2018ರಲ್ಲಿ, 2001ರಿಂದ ಇರುವ ಸ್ಕಮ್‌ವಿಎಂ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಪೂರ್ಣಪಾಠವನ್ನು ಲ್ಯಾಪ್‌ಟಾಪಿನಲ್ಲಿ ಆಡಿದೆ. ಅಕ್ಕನ ಮಗಳು ಹಿಂದೆ ನಿಂತು ನೋಡಿ, “ಮಾಮ, ಇನ್ನೂ ಲೋಡ್ ಆಗಿಲ್ಲ, ಚೌಕಚೌಕ ಕಾಣ್ತಿದೆ” ಎಂದಳು.

ಆಗ ಆ ದೃಶ್ಯ ಬಂತು. ಮೊದಲ ಕಂತಿನ ಊರಿಗೆ ವಾಪಸಾದ ರೋಜರನನ್ನು ಬೈಕಿನ ಪುಂಡರು ಅಡ್ಡಗಟ್ಟುತ್ತಾರೆ. ಅವರು ಕಪ್ಪುಬಿಳುಪು, ಇವನು ಬಣ್ಣದವನು. ಬಣ್ಣ ತೋರಿಸಿ ಮೆರೆಯುತ್ತೀಯಾ ಎಂಬುದೇ ಅವರ ಜಗಳ. ನಾನು ಒಬ್ಬನೇ ಜೋರಾಗಿ ನಕ್ಕೆ. ರಾತ್ರಿ ಹತ್ತಾಗಿದ್ದರೂ ಹೊಳೆನರಸೀಪುರದ ಗೆಳೆಯನಿಗೆ ಫೋನ್ ಮಾಡಿದೆ.

“ಲೋ, ಆ ಬೈಕಿನವರು ಮಾತ್ರ ಕಪ್ಪುಬಿಳುಪು ಕಣ್ಲಾ.”

“ನಮ್ಮಲ್ಲಿ ಎಲ್ಲಾರೂ ಹಂಗೇ ಇದ್ರಲ್ಲೋ,” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕೇನಾ ಜಗಳ?” ಎಂದು ಕೇಳಿದ.

ಬಾಲ್ಯ ನೆನಪಾಗುವುದೇ ಪುನರಾಟದ ಫಲ ಎಂಬ ಪೂರ್ವಪಕ್ಷ ಇಲ್ಲಿಗೆ ಬಿದ್ದುಹೋಗುತ್ತದೆ. ನಾವು ಆಗ ಆಡಿರಲೇ ಇಲ್ಲ. ಒಂದು ಊರಿಗೆ ದೃಶ್ಯ ಸಿಗಲಿಲ್ಲ, ಒಂದಕ್ಕೆ ಬಣ್ಣ ಸಿಗಲಿಲ್ಲ, ಒಂದಕ್ಕೆ ದನಿ ಸಿಗಲಿಲ್ಲ.

ಹಾಸನದಲ್ಲಿ ನಡೆದ ನಿಜವಾದ ಆಟವನ್ನು ಹೇಳದಿದ್ದರೆ ಪ್ರಬಂಧ ಅಪೂರ್ಣ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಇದೆ. ಅಲ್ಲಿನವರು ಕೀಲಿಮಣೆಯ ಮುಂದೆ ಕೂತು, 36,000 ಕಿಲೋಮೀಟರ್ ಮೇಲಿನ ಉಪಗ್ರಹಗಳಿಗೆ ಆಜ್ಞೆ ಕಳಿಸುತ್ತಾರೆ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ, ಇಂಧನ ತೀರಿ ಸೆಪ್ಟೆಂಬರಿನಲ್ಲಿ ಕೈಬಿಟ್ಟುಹೋಯಿತು. ಮರುವರ್ಷ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿಯ ಸೌರಫಲಕ ತೆರೆದುಕೊಳ್ಳದೆ ಸಿಕ್ಕಿಹಾಕಿಕೊಂಡಿತು. ‘ಓಪನ್ ಡೋರ್’. ದಿನಗಟ್ಟಲೆ ಹೆಣಗಿದ ಮೇಲೆ ಅದು ತೆರೆಯಿತು. ಆಮೇಲೆ ದೇಶದ ಊರೂರಿಗೆ ಟಿವಿ ಬಂತು. ಮೂಲಪ್ರತಿಯ ಆ ಗೆಳೆಯನ ತಂದೆ ಆ ಕೇಂದ್ರದಲ್ಲೇ ಕೆಲಸದಲ್ಲಿದ್ದರು. ಒಂದು ಭಾನುವಾರ ನಮ್ಮ ಹಿಂದೆ ಬಂದು ನಿಂತು, ರೋಜರ್ ಮೂರು ಸಲ ಸಾಯುವುದನ್ನು ನೋಡಿದರು.

“ಸತ್ತರೆ ಏನು ಮಾಡ್ತೀರಪ್ಪ?”

“ಸೇವ್ ಮಾಡಿರ್ತೀವಿ ಅಂಕಲ್. ಅಲ್ಲಿಂದ ಮತ್ತೆ ಶುರು.”

“ಒಳ್ಳೇದು,” ಎಂದು ಕಾಫಿ ಲೋಟ ಹಿಡಿದುಕೊಂಡು ಒಳಗೆ ಹೋದರು.

ಕಡೆಯದಾಗಿ ಒಂದು ವಿನಂತಿ. ಅಂತರ್ಜಾಲದಲ್ಲಿ ಸಿಗುವುದು ಪರಿಷ್ಕೃತ ಪಾಠ. ಸಂಶೋಧನೆಗೆ ಬೇಕಿರುವುದು ಅರಕಲಗೂಡು ಶಾಖೆಯ ನಾಲ್ಕನೇ ಫ್ಲಾಪಿ. ಕಪ್ಪು ಬಣ್ಣದ್ದು, ಚೀಟಿಯ ಮೇಲೆ ನೀಲಿ ಇಂಕಿನಲ್ಲಿ ‘4/6, ಅಳಿಸಬೇಡಿ’ ಎಂದಿದೆ. ಯಾರ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ಕಳಿಸಿಕೊಡಿ. ಅದರ ಮೇಲೆ ಬೇರೆ ಏನಾದರೂ ತುಂಬಿಕೊಂಡಿದ್ದರೂ ಬೇಸರವಿಲ್ಲ. ಜೊತೆಗೆ ಫ್ಲಾಪಿ ಡ್ರೈವ್ ಕೂಡ ಇದ್ದರೆ ಅದನ್ನೂ ಕಳಿಸಿ, ನನ್ನ ಹತ್ತಿರ ಇಲ್ಲ.