‘ಸಮುದ್ರ ಕಂಡರೆ ನನ್ನ ದರ ಏರುತ್ತೆ’

ಬೇಸಿಗೆಯಲ್ಲಿ ಅಮೆರಿಕದ ಸಿಯಾಟಲ್ ಬಂದರಿಗೆ ವಾರಾಂತ್ಯದಲ್ಲಿ ಹೋದರೆ, ಬೆಳಿಗ್ಗೆ ಒಂದು ಊರಿನಷ್ಟು ಜನ ಹಡಗಿನಿಂದ ಇಳಿಯುತ್ತಿರುತ್ತಾರೆ, ಮಧ್ಯಾಹ್ನ ಇನ್ನೊಂದು ಊರಿನಷ್ಟು ಜನ ಹತ್ತುತ್ತಿರುತ್ತಾರೆ. ಏಳು ರಾತ್ರಿಯ ಅಲಾಸ್ಕ ಕ್ರೂಸ್ ಎಂದರೆ ಅಲ್ಲಿನ ಕನ್ನಡಿಗರ ಮನೆಗಳಲ್ಲಿ ಈಗ ಊರಿನಿಂದ ಬಂದ ಅಪ್ಪ ಅಮ್ಮನಿಗೆ ಮಾಡಿಸಲೇಬೇಕಾದ ಯಾತ್ರೆ. ಅದರ ಬುಕಿಂಗ್ ಮಾಡುವುದರಲ್ಲಿ ಪಳಗಿದವರು ಪ್ರತಿ ನೆಂಟರ ಬಳಗದಲ್ಲೂ ಒಬ್ಬರಿರುತ್ತಾರೆ. ಆ ಪಳಗಿದವರ ಒಳಗುಟ್ಟು ತಿಳಿಯಲು ನಾವು ಕ್ಯಾಪ್ಟನ್ನನ್ನೋ ಕಂಪನಿಯ ವಕ್ತಾರರನ್ನೋ ಹುಡುಕಿಕೊಂಡು ಹೋಗಲಿಲ್ಲ. ಹಡಗಿನ ಹೊಟ್ಟೆಯೊಳಗೆ ಕಿಟಕಿಯಿಲ್ಲದೆ ಕುಳಿತಿರುವ, ಎಲ್ಲಕ್ಕಿಂತ ಅಗ್ಗದ ಇನ್‌ಸೈಡ್ ಕ್ಯಾಬಿನ್ ಅನ್ನು ಮಾತಾಡಿಸಿದೆವು. ಹಳಬರು ಇಳಿದು ಹೊಸಬರು ಹತ್ತುವ ನಡುವೆ, ಹಾಸಿಗೆಯ ಹೊದಿಕೆ ಬದಲಾಗುತ್ತಿದ್ದಾಗ ಸಿಕ್ಕ ಬಿಡುವಿನಲ್ಲಿ ನಡೆದ ಸಂದರ್ಶನವಿದು.

ಪ್ರಶ್ನೆ: ಮೊದಲು ತಮ್ಮ ಪರಿಚಯ.

ಕ್ಯಾಬಿನ್: ಹುಟ್ಟಿದ್ದು ಫಿನ್ಲೆಂಡಿನ ಪೀಕಿಯೊ ಅನ್ನೋ ಊರಿನ ಕಾರ್ಖಾನೆಯಲ್ಲಿ. ಮಂಚ, ದೀಪ, ಬಚ್ಚಲು, ಕೊಳಾಯಿ ಎಲ್ಲ ಅಲ್ಲೇ ಕೂಡಿಸಿ, ಪೂರ್ತಿ ತಯಾರಾದ ಡಬ್ಬಿಯನ್ನ ತಂದು ಹಡಗಿನೊಳಗೆ ತಳ್ಳಿದರು. ಹದಿನೈದು ಚದರ ಮೀಟರಿನಷ್ಟು ಜಾಗ. ದೀಪ ಆರಿಸಿದರೆ ಹಗಲು ಹತ್ತೋ ರಾತ್ರಿ ಹತ್ತೋ ನನಗೇ ತಿಳಿಯಲ್ಲ. ಜೂನ್‌ನಲ್ಲಿ ಅಲಾಸ್ಕದಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತಂತೆ. ಬಾಲ್ಕನಿಯವರು ಪರದೆ ಎಳೆದೂ ಎಳೆದೂ ನಿದ್ದೆಗೆಟ್ಟು ನನ್ನ ಮೇಲೆ ಹೊಟ್ಟೆಕಿಚ್ಚು ಪಡ್ತಾರೆ.

ಪ್ರಶ್ನೆ: ಒಮ್ಮೆಯಾದರೂ ಹೊರಗೆ ನೋಡಬೇಕು ಅನ್ನಿಸಿಲ್ಲವೆ?

ಕ್ಯಾಬಿನ್: ಬೇಡಪ್ಪ. ಸಮುದ್ರ ಕಂಡರೆ ನನ್ನ ದರ ಏರುತ್ತೆ. ನನ್ನ ದಾಯಾದಿಗಳು ಕೆಲವರಿದ್ದಾರೆ, ಕಿಟಕಿಯೇನೋ ಉಂಟು, ಅದರ ಎದುರಿಗೇ ಲೈಫ್‌ಬೋಟ್ ತೂಗುಹಾಕಿದ್ದಾರೆ. ಕಾಣೋದು ಕಿತ್ತಳೆ ಬಣ್ಣದ ದೋಣಿಯ ಬೆನ್ನು. ಆದರೂ ನನಗಿಂತ ದರ ಜಾಸ್ತಿ. ಕೆಲವು ಹೊಸ ಹಡಗುಗಳಲ್ಲಿ ನನ್ನಂಥವರ ಗೋಡೆಗೇ ಆಳೆತ್ತರದ ಪರದೆ ಹಾಕಿ, ಹೊರಗಿನ ಕ್ಯಾಮೆರಾದಿಂದ ಅಲೆ ತೋರಿಸ್ತಾರೆ. ‘ವರ್ಚುವಲ್ ಬಾಲ್ಕನಿ’ ಅಂತ ಹೆಸರು. ಸಮುದ್ರದ ಮೇಲೆ ಮಲಗಿ ಸಮುದ್ರವನ್ನ ಟಿವಿಯಲ್ಲಿ ನೋಡೋದಕ್ಕೂ ಬೇರೆ ದುಡ್ಡು.

ಪ್ರಶ್ನೆ: ಹತ್ತಾರು ಸಲ ಕ್ರೂಸ್ ಮಾಡಿದವರೂ ನಿಮ್ಮನ್ನೇ ಆರಿಸಿಕೊಳ್ಳುತ್ತಾರಂತೆ?

ಕ್ಯಾಬಿನ್: ಅವರನ್ನ ಬಾಗಿಲು ತೆಗೆದ ಕೂಡಲೇ ಗುರುತು ಹಿಡೀತೀನಿ. ಹೊಸಬರು ‘ಇಷ್ಟೇನಾ?’ ಅಂತಾರೆ. ಅನುಭವಿಗಳು ಮಾತೇ ಆಡಲ್ಲ, ಚೀಲದಿಂದ ಮ್ಯಾಗ್ನೆಟ್ ಕೊಕ್ಕೆ ತೆಗೆದು ಗೋಡೆಗೆ ಅಂಟಿಸ್ತಾರೆ. ನನ್ನ ಗೋಡೆ ಉಕ್ಕಿನದು ಅಂತ ಅವರಿಗೆ ಗೊತ್ತು. ಬುಕಿಂಗ್‌ಗೆ ಮೊದಲೇ ಡೆಕ್ ನಕ್ಷೆಗಳನ್ನ ಜಾತಕ ನೋಡಿದ ಹಾಗೆ ನೋಡಿರ್ತಾರೆ. ನೆತ್ತಿಯ ಮೇಲೆ ಈಜುಕೊಳ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯೋ ಸದ್ದು. ಕೆಳಗೆ ಥಿಯೇಟರ್ ಇದ್ದರೆ ಮಲಗೋ ಹೊತ್ತಿಗೆ ಡ್ರಮ್ಮು. ಮೂತಿಯ ಕಡೆ ಹೋದರೆ ಲಂಗರಿನ ಸರಪಳಿ. ಆದ್ದರಿಂದ ಕೆಳಗಿನ ಡೆಕ್, ಹಡಗಿನ ನಟ್ಟನಡು, ಮೇಲೂ ಕೆಳಗೂ ಬರೀ ಕ್ಯಾಬಿನ್‌ಗಳೇ ಇರೋ ಜಾಗ. ಅಲ್ಲಿ ತೂಗಾಟವೂ ಕಡಿಮೆ, ಗದ್ದಲವೂ ಕಡಿಮೆ.

ಪ್ರಶ್ನೆ: ಇದು ನಿಜಕ್ಕೂ ಜಾಣತನ ಅಲ್ಲವೆ?

ಕ್ಯಾಬಿನ್: ಜಾಣತನವೇ. ಆದರೆ ಇಷ್ಟೆಲ್ಲ ಲೆಕ್ಕ ಹಾಕಿದವರು ಕೊನೇ ಗಳಿಗೆಯಲ್ಲಿ ಸ್ವಲ್ಪ ಡಾಲರ್ ಉಳೀತದೆ ಅಂತ ‘ಗ್ಯಾರಂಟಿ’ ದರಕ್ಕೆ ಹೋಗಿಬಿಡ್ತಾರೆ. ಅಂದ್ರೆ ಯಾವುದೋ ಒಂದು ಕ್ಯಾಬಿನ್ ಸಿಗೋದು ಖಚಿತ, ಯಾವುದು ಅನ್ನೋದು ಕಂಪನಿಯ ಚಿತ್ತ. ಆಮೇಲೆ ಆರು ತಿಂಗಳು ಓದಿದ ಡೆಕ್ ನಕ್ಷೆಯನ್ನ ಮಡಿಚಿಟ್ಟು ದೇವರ ಮೇಲೆ ಭಾರ ಹಾಕ್ತಾರೆ.

ಪ್ರಶ್ನೆ: ಬುಕಿಂಗ್‌ಗೆ ಸರಿಯಾದ ಮುಹೂರ್ತ ಯಾವುದು?

ಕ್ಯಾಬಿನ್: ಜನವರಿಯಿಂದ ಮಾರ್ಚ್‌ವರೆಗೆ ಈ ಉದ್ಯಮದ ಹಬ್ಬ, ‘ವೇವ್ ಸೀಸನ್’ ಅಂತಾರೆ. ವೈಫೈ ಉಚಿತ, ಎರಡನೆಯವರಿಗೆ ಅರ್ಧ ದರ, ಮಕ್ಕಳಿಗೆ ಪುಕ್ಕಟೆ ಅಂತ ಡೋಲು ಬಡೀತಾರೆ. ಅನುಭವಿಗಳು ಅದಕ್ಕೂ ಮೊದಲೇ, ವರ್ಷಕ್ಕೆ ಮುಂಚೆ ಮುಂಗಡ ಕೊಟ್ಟು ಕೂತಿರ್ತಾರೆ. ಪೂರ್ತಿ ಹಣ ಕಟ್ಟೋದು ಹೊರಡೋಕೆ ಸುಮಾರು ಮೂರು ತಿಂಗಳಿರುವಾಗ. ಅಲ್ಲಿಯವರೆಗೆ ದಿನಾ ಕಾಫಿ ಕುಡೀತಾ ದರ ನೋಡೋದು, ಇಳಿದಿದ್ದರೆ ಏಜೆಂಟರಿಗೆ ಫೋನು ಹಚ್ಚಿ ಹೊಸ ದರಕ್ಕೆ ಬದಲಾಯಿಸಿಕೊಳ್ಳೋದು.

ಪ್ರಶ್ನೆ: ಹಾಗಾದರೆ ಕಂಪನಿಗೆ ನಷ್ಟ?

ಕ್ಯಾಬಿನ್: (ನಗುತ್ತಾ) ಎಷ್ಟು ಒಳ್ಳೆಯವರು ನೀವು! ಅವರು ದರ ನೋಡ್ತಾರೆ, ಕಂಪನಿಯ ಕಂಪ್ಯೂಟರ್ ಅವರನ್ನ ನೋಡುತ್ತೆ. ಮುಂಗಡ ವಾಪಸ್ ಸಿಗಬೇಕಾ, ಅದಕ್ಕೊಂದು ದರ. ವಾಪಸ್ ಬೇಡವಾ, ಅದಕ್ಕೆ ಇನ್ನೊಂದು. ದೊಡ್ಡ ಕ್ಯಾಬಿನ್ ಬೇಕಾ, ಹರಾಜು ಕೂಗಿ ಅಂತ ಈಮೇಲ್ ಬರುತ್ತೆ, ಪಕ್ಕದ ಕ್ಯಾಬಿನ್‌ನವರು ಎಷ್ಟು ಕೂಗಿದರು ಅಂತ ಹೇಳಲ್ಲ. ದೊಡ್ಡ ಕ್ರೂಸ್ ಕಂಪನಿಗಳ ನೂರು ಷೇರು ಇದ್ದವರಿಗೆ ಹಡಗಿನಲ್ಲಿ ಖರ್ಚು ಮಾಡೋಕೆ ಒಂದಿಷ್ಟು ಡಾಲರ್ ಕೊಡೋ ಪದ್ಧತಿಯಿದೆ. ಅದಕ್ಕಾಗಿಯೇ ಷೇರು ಕೊಂಡವರನ್ನ ನೋಡಿದ್ದೀನಿ. ಷೇರು ಬಿದ್ದು ಸಾವಿರಗಟ್ಟಲೆ ಕರಗಿದರೂ, ಆ ಪುಕ್ಕಟೆ ಕಾಕ್‌ಟೇಲ್ ಹೀರುವಾಗ ಹಡಗಿನ ಒಡೆಯರ ಗತ್ತು! ಅನುಭವಿಗಳ ಪ್ರತಿಯೊಂದು ಯುಕ್ತಿಗೂ ಕಂಪನಿಯ ಲೆಕ್ಕದಲ್ಲಿ ಮೊದಲೇ ಒಂದು ಕಾಲಂ ಹಾಕಿರ್ತಾರೆ.

ಪ್ರಶ್ನೆ: ಜಾಹೀರಾತಿನಲ್ಲಿ ಕಾಣುವ ದರವೇ ಪೂರ್ತಿ ದರವೆ?

ಕ್ಯಾಬಿನ್: ಈಗ ಪರವಾಗಿಲ್ಲ. ಮೊದಲು ತೆರಿಗೆ, ಬಂದರು ಶುಲ್ಕಗಳು ಸಣ್ಣಕ್ಷರದಲ್ಲಿ ಅಡಗಿರ್ತಿದ್ದವು. ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು 2024ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ, ಅವನ್ನೂ ಸೇರಿಸಿಯೇ ದರ ತೋರಿಸ್ತಿದ್ದಾರೆ. ಟಿಪ್ಸ್ ಮಾತ್ರ ಇನ್ನೂ ಹೊರಗೇ. ನನ್ನಂಥ ಕ್ಯಾಬಿನ್‌ಗೂ ತಲಾ ದಿನಕ್ಕೆ 16ರಿಂದ 20 ಡಾಲರ್ ತಾನಾಗಿ ಬಿಲ್ಲಿಗೆ ಸೇರುತ್ತೆ. ಇಬ್ಬರಿಗೆ ಏಳು ರಾತ್ರಿ ಅಂದ್ರೆ 250 ಡಾಲರ್ ಆಸುಪಾಸು. ಆಮೇಲೆ ಮದ್ಯದ ಪ್ಯಾಕೇಜ್. ಬಹಳ ಕಂಪನಿಗಳಲ್ಲಿ ಕ್ಯಾಬಿನ್‌ನ ಒಬ್ಬ ವಯಸ್ಕರು ಕೊಂಡರೆ ಇನ್ನೊಬ್ಬರೂ ಕೊಳ್ಳಲೇಬೇಕು. ಮನೆಯವರು ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಲ್ಲ ಅಂತ ಯಜಮಾನರು ಎಷ್ಟು ಬೇಡಿಕೊಂಡರೂ ಕೇಳಲ್ಲ.

ಪ್ರಶ್ನೆ: ದರದ ಮಾತು ಸಾಕು. ಈ ಅನುಭವಿಗಳು ಮರೆಯುವುದು ಏನನ್ನು?

ಕ್ಯಾಬಿನ್: ದಾರಿಯನ್ನ! ಐವತ್ತು ಡಾಲರ್‌ಗಾಗಿ ಆರು ತಿಂಗಳು ನಿದ್ದೆಗೆಡೋರು ದಾರಿ ನೋಡೋಕೆ ಐದು ನಿಮಿಷ ಕೊಡಲ್ಲ. ಸಿಯಾಟಲ್‌ನಿಂದ ಹೊರಡೋ ಹಡಗುಗಳು ಬಹುಪಾಲು ವ್ಯಾಂಕೂವರ್ ದ್ವೀಪದ ಆಚೆ, ತೆರೆದ ಕಡಲಲ್ಲೇ ಹೋಗ್ತವೆ. ಹೊಟ್ಟೆ ತೊಳಸೋದು ಅಲ್ಲೇ. ಕೆನಡಾದ ವ್ಯಾಂಕೂವರ್ ನಗರದಿಂದ ಹೊರಟರೆ ದ್ವೀಪಕ್ಕೂ ನೆಲಕ್ಕೂ ನಡುವಿನ ನೀರಿನಲ್ಲಿ ಸಾಗಬಹುದು. ಎರಡೂ ದಡದಲ್ಲಿ ಕಾಡು, ಅಲೆ ಕಡಿಮೆ. ಇನ್ನು ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ. ಅಲ್ಲಿಗೆ ದಿನಕ್ಕೆ ಎರಡೇ ಕ್ರೂಸ್ ಹಡಗಿಗೆ ಪ್ರವೇಶ. ಎಲ್ಲರ ಪಟ್ಟಿಯಲ್ಲೂ ‘ಹಿಮನದಿ ದರ್ಶನ’ ಅಂತಲೇ ಬರೆದಿರುತ್ತೆ, ಯಾವ ಹಿಮನದಿ ಅಂತ ಕೇಳೋರೇ ಇಲ್ಲ. ದೇವಸ್ಥಾನ ಅಂತ ಬರೆದಿದ್ದರೆ ಮಾತ್ರ ಯಾವ ದೇವರು ಅಂತ ಮೂರು ಸಲ ಕೇಳ್ತಿದ್ದರು.

ಪ್ರಶ್ನೆ: ಕೆನಡಾದ ವಿಕ್ಟೋರಿಯಾದಲ್ಲೂ ನಿಲ್ಲುತ್ತೀರಿ. ಅಲ್ಲಿನ ಹೂದೋಟ ಬಹಳ ಚೆನ್ನಾಗಿದೆಯಂತೆ.

ಕ್ಯಾಬಿನ್: ಹೂವಿಗೂ ನಮಗೂ ಸಂಬಂಧವಿಲ್ಲ. ನಾವು ನಿಲ್ಲೋದು 1886ರ ಒಂದು ಅಮೆರಿಕನ್ ಕಾನೂನಿಗೆ ಹಾಜರಿ ಹಾಕೋಕೆ. ಪರದೇಶದ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಜನರನ್ನ ಸಾಗಿಸೋ ಹಾಗಿಲ್ಲ. ನಡುವೆ ಒಂದಾದರೂ ಬೇರೆ ದೇಶ ಮುಟ್ಟಬೇಕು. ನಾನು ಹುಟ್ಟಿದ್ದು ಫಿನ್ಲೆಂಡ್, ನಮ್ಮ ಬಾವುಟ ಬಹಾಮಾಸ್, ಕಂಪನಿಯ ಕಚೇರಿ ಮಯಾಮಿ. ಹೀಗಾಗಿ ಸಂಜೆ ವಿಕ್ಟೋರಿಯಾಕ್ಕೆ ಬಂದು ನಡುರಾತ್ರಿಯೊಳಗೆ ಹೊರಟುಬಿಡೋದೇ ಹೆಚ್ಚು. 2021ರಲ್ಲಿ ಕೋವಿಡ್ ಅಂತ ಕೆನಡಾ ತನ್ನ ಬಂದರು ಮುಚ್ಚಿದಾಗ, ಅಲಾಸ್ಕದ ಅಂಗಡಿಗಳಿಗೆ ವ್ಯಾಪಾರವಿಲ್ಲದೆ ಅಮೆರಿಕದ ಸಂಸತ್ತು ಈ ನಿಯಮವನ್ನ ಕೆಲಕಾಲ ಸಡಿಲಿಸಬೇಕಾಯ್ತು.

ಪ್ರಶ್ನೆ: ನಮ್ಮವರಿಗೆ ಇದರಿಂದ ತೊಂದರೆಯೇನಾದರೂ?

ಕ್ಯಾಬಿನ್: ತೊಂದರೆಯೆಲ್ಲ ನಿಮ್ಮವರಿಗೇ. ಮೈಸೂರಿನಿಂದ ಬಂದ ಅಪ್ಪ ಅಮ್ಮನ ಹತ್ತಿರ ಹತ್ತು ವರ್ಷದ ಅಮೆರಿಕ ವೀಸಾ ಇರುತ್ತೆ. ಮಗರಾಯ, ‘ಅಲಾಸ್ಕ ಅಮೆರಿಕದ್ದೇ ತಾನೆ’ ಅಂದುಕೊಂಡು, ವೈಫೈ ಪ್ಯಾಕೇಜಿನಲ್ಲಿ ಹೇಗೆ ಉಳಿಸೋದು ಅಂತ ತಲೆ ಕೆಡಿಸಿಕೊಂಡಿರ್ತಾನೆ. ಬಂದರಿನ ಕೌಂಟರಿನಲ್ಲಿ ಕೆನಡಾ ವೀಸಾ ಕೇಳ್ತಾರೆ. ಭಾರತದ ಪಾಸ್‌ಪೋರ್ಟಿಗೆ ಅದಿಲ್ಲದೆ ಹತ್ತಿಸಲ್ಲ. ವಿಕ್ಟೋರಿಯಾದಲ್ಲಿ ಇಳಿಯೋದೇ ಇಲ್ಲ, ನಿಮ್ಮಾಣೆಗೂ ಮಲಗಿರ್ತೀವಿ ಅಂದರೂ ಕೇಳಲ್ಲ. ಆ ವಾರ ನಾನು ಖಾಲಿ. ದುಡ್ಡು ಮಾತ್ರ ಖಾಲಿಯಾಗೋದು ಅವರದ್ದು.

ಪ್ರಶ್ನೆ: ಒಂದು ದಿನ ಮುಂಚೆಯೇ ಬಂದರಿನ ಊರು ತಲುಪಬೇಕು ಎನ್ನುತ್ತಾರೆ.

ಕ್ಯಾಬಿನ್: ಅದು ಅನುಭವಿಗಳು ಹೇಳೋ ಮಾತುಗಳಲ್ಲಿ ಬಂಗಾರದಂಥದ್ದು. ವಿಮಾನ ತಡವಾಯ್ತು ಅಂತ ಹಡಗು ಕಾಯಲ್ಲ. ನಡುವಿನ ಊರುಗಳಲ್ಲೂ ಅಷ್ಟೆ. ಹಡಗಿನವರೇ ಮಾರಿದ ಪ್ರವಾಸಕ್ಕೆ ಹೋಗಿ ಬಸ್ಸು ತಡವಾದರೆ ಕಾಯ್ತಾರೆ. ಅಗ್ಗ ಅಂತ ಹೊರಗಿನವರ ಜೊತೆ ತಿಮಿಂಗಿಲ ನೋಡೋಕೆ ಹೋಗಿ ತಡಮಾಡಿದರೆ, ನಾವು ಹೊರಡೋದನ್ನ ದಡದಿಂದ ನೋಡಬಹುದು. ಬಹಳ ಚೆನ್ನಾದ ನೋಟ, ಪುಕ್ಕಟೆ.

ಪ್ರಶ್ನೆ: ಅಲಾಸ್ಕದ ಊರಿನವರಿಗೆ ನಿಮ್ಮ ಬರವು ಸಂತೋಷವೆ?

ಕ್ಯಾಬಿನ್: ಅಂಗಡಿಯವರಿಗೆ ಸಂತೋಷ, ಮನೆಯವರಿಗೆ ಸಂಕಟ. ಸ್ಕ್ಯಾಗ್‌ವೇಯಲ್ಲಿ ವಾಸ ಇರೋರು ಸಾವಿರದ ಚಿಲ್ಲರೆ. ನಾಲ್ಕು ಹಡಗು ಒಟ್ಟಿಗೆ ಬಂದರೆ ಊರು ನೋಡೋಕೆ ಬಂದವರಿಗೆ ಕಾಣೋದು ತಮ್ಮ ಹಡಗಿನವರೇ. ರಾಜಧಾನಿ ಜುನೋ 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಅಂತ ಮಿತಿ ಹಾಕಿಕೊಂಡಿದೆ. ನೀವು ನಗಬೇಡಿ. ನವಮಂಗಳೂರು ಬಂದರಿಗೂ ವಿದೇಶಿ ಕ್ರೂಸ್ ಹಡಗುಗಳು ಬರ್ತವೆ. ಬೆಳಿಗ್ಗೆ ಇಳಿದು ಕುದ್ರೋಳಿ ದೇವಸ್ಥಾನ, ಮೂಡುಬಿದಿರೆಯ ಬಸದಿ, ಗೋಡಂಬಿ ಕಾರ್ಖಾನೆ ಮುಗಿಸಿ ಸಂಜೆ ಹತ್ತಿದವರು, ರಾತ್ರಿ ಊಟದ ಮೇಜಿನಲ್ಲಿ ಇಂಡಿಯಾದ ಬಗ್ಗೆ ಉಪನ್ಯಾಸ ಕೊಡ್ತಾರೆ.

ಪ್ರಶ್ನೆ: ಊಟದ ವಿಷಯ ಬಂತು. ಸಸ್ಯಾಹಾರಿಗಳ ಪಾಡೇನು?

ಕ್ಯಾಬಿನ್: ಬಲ್ಲವರು ಬುಕಿಂಗ್ ಮಾಡುವಾಗಲೇ ಬರೆಸಿರ್ತಾರೆ. ಮೊದಲ ರಾತ್ರಿಯೇ ಊಟದ ಹಾಲ್‌ನ ಮೇಲ್ವಿಚಾರಕರನ್ನ ಮಾತಾಡಿಸಿ, ನಾಳೆಗೆ ಏನು ಬೇಕು ಅಂತ ಇವತ್ತೇ ಹೇಳ್ತಾರೆ. ಅಡುಗೆಮನೆಯಲ್ಲಿ ಭಾರತದವರು ಇದ್ದೇ ಇರ್ತಾರೆ, ದಾಲು, ಪಲ್ಯ ಆಗುತ್ತೆ. ಗೊತ್ತಿಲ್ಲದವರು ಕೆಟಲ್, ರೈಸ್ ಕುಕ್ಕರ್ ತರ್ತಾರೆ. ಬೆಂಕಿಯ ಭಯಕ್ಕೆ ಅವನ್ನ ಹತ್ತುವಾಗಲೇ ಕಿತ್ತಿಟ್ಟುಕೊಳ್ತಾರೆ. ಪುಳಿಯೋಗರೆ ಗೊಜ್ಜು ಹೇಗೋ ಒಳಗೆ ಬಂದುಬಿಡುತ್ತೆ. ಬಫೆಯ ಅನ್ನ ತಂದು ರಾತ್ರಿ ಹನ್ನೊಂದಕ್ಕೆ ನನ್ನ ಮೇಜಿನ ಮೇಲೆ ಕಲಸ್ತಾರೆ. ಇಂಗಿನ ವಾಸನೆ ಹೋಗೋಕೆ ಒಂದು ಕಿಟಕಿ ಇರಬಾರದಿತ್ತಾ ಅಂತ ನನಗೆ ಅನ್ನಿಸೋದು ಆಗ ಮಾತ್ರ.

ಪ್ರಶ್ನೆ: ಅನುಭವಿಗಳಲ್ಲಿ ನಿಮಗೆ ನಿಜವಾಗಿ ಸಿಟ್ಟು ಬರಿಸುವುದು?

ಕ್ಯಾಬಿನ್: ಸುರಕ್ಷತಾ ಕವಾಯತಿನ ಹೊತ್ತಿಗೆ ‘ಇದೆಲ್ಲ ನೋಡಿದ್ದೀವಿ ಬಿಡಿ’ ಅನ್ನೋದು. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಅನ್ನೋ ಕ್ರೂಸ್ ಹಡಗು ಬಂಡೆಗೆ ಹೊಡೆದು 32 ಜನ ಸತ್ತರು. ಅವತ್ತು ಸಂಜೆ ಚಿವಿಟವೆಕಿಯಾ ಬಂದರಿನಲ್ಲಿ ಹತ್ತಿದ್ದವರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಆಮೇಲೆ, ಹಡಗು ಹೊರಡೋ ಮೊದಲೇ ಇದು ಮುಗೀಬೇಕು ಅಂತಾಯ್ತು. ಈಗ ಹಲವು ಹಡಗುಗಳಲ್ಲಿ ಫೋನಿನಲ್ಲಿ ವಿಡಿಯೊ ನೋಡಿ, ನಮ್ಮ ಗುಂಪು ಸೇರೋ ಜಾಗಕ್ಕೆ ಹೋಗಿ ಗುರುತು ಹಾಕಿಸಿಕೊಂಡರೆ ಆಯ್ತು. ನನಗೆ ಕಿಟಕಿಯಿಲ್ಲ. ಕರೆಂಟು ಹೋದ ರಾತ್ರಿ ಬಾಗಿಲಿನಿಂದ ಎಡಕ್ಕೋ ಬಲಕ್ಕೋ ಅಂತ ತಿಳಿದಿರಬೇಕಾದವರು ನನ್ನಲ್ಲಿ ಮಲಗೋರೇ. ಅವರೇ ವಿಡಿಯೊ ಓಡಿಸಿಬಿಟ್ಟು ಮೆನು ಓದ್ತಿರ್ತಾರೆ.

ಪ್ರಶ್ನೆ: ಈ ‘ಪ್ಲಾಟಿನಂ’, ‘ಡೈಮಂಡ್’ ಸದಸ್ಯತ್ವಗಳ ಮಹಿಮೆ ಏನು?

ಕ್ಯಾಬಿನ್: ಎಷ್ಟು ರಾತ್ರಿ ಕಳೆದಿರೋ ಅಷ್ಟು ಅಂಕ, ಅಂಕ ಹೆಚ್ಚಿದಂತೆ ಬಿರುದು. ಬಿರುದಿಗೆ ತಕ್ಕ ಹಾಗೆ ಒಂದು ಲೋಟ ವೈನು, ಬಟ್ಟೆ ಒಗೆಸೋಕೆ ಒಂದು ಚೀಲ, ಇಳಿಯುವಾಗ ಚಿಕ್ಕ ಸಾಲು. ಆ ಉಚಿತ ಚೀಲದಲ್ಲಿ ತುರುಕಿದ ಬಟ್ಟೆಯ ಲೆಕ್ಕ ನನ್ನನ್ನ ಕೇಳಿ. ಕ್ರೂಸಿನ ಮೂರನೇ ದಿನವೇ ಅವರು ‘ಮುಂದಿನ ಪ್ರವಾಸ’ದ ಮೇಜಿನ ಎದುರು ಸಾಲು ನಿಂತಿರ್ತಾರೆ, ಹಡಗಿನಲ್ಲೇ ಮುಂಗಡ ಕೊಟ್ಟರೆ ರಿಯಾಯಿತಿ ಅಂತ. ಅದೇ ಹೊತ್ತಿಗೆ ಹೊರಗೆ ಹಿಮನದಿ ಮುರಿದು ನೀರಿಗೆ ಬೀಳ್ತಿರುತ್ತೆ. ಹಾಲ್‌ವರೆಗೂ ಸದ್ದು ಕೇಳುತ್ತೆ. ಸಾಲು ಬಿಟ್ಟು ಹೋದರೆ ಜಾಗ ಹೋಗುತ್ತಲ್ಲ, ಯಾರೂ ಕದಲಲ್ಲ.

ಪ್ರಶ್ನೆ: ಇಷ್ಟೆಲ್ಲ ಕೇಳಿದ ಮೇಲೆ ನನಗೂ ಒಂದು ಸಲ ಬರಬೇಕು ಅನ್ನಿಸುತ್ತಿದೆ. ಒಬ್ಬನೇ ಬಂದರೆ ಎಷ್ಟಾಗುತ್ತದೆ?

ಕ್ಯಾಬಿನ್: ಒಬ್ಬರೇನಾ? ಸಾಮಾನ್ಯವಾಗಿ ಇಬ್ಬರ ದುಡ್ಡು.

ಪ್ರಶ್ನೆ: ಅದ್ಯಾವ ನ್ಯಾಯ? ಎರಡನೆಯವರು ಇಲ್ಲವೇ ಇಲ್ಲವಲ್ಲ. ಅವರ ಊಟದ ಖರ್ಚಾದರೂ ಕಂಪನಿಗೆ ಉಳಿಯುತ್ತದೆ.

ಕ್ಯಾಬಿನ್: ಎಲ್ಲಿ ಉಳಿಯುತ್ತೆ ಸ್ವಾಮಿ? ಇಬ್ಬರ ದುಡ್ಡು ಕೊಟ್ಟು ಒಬ್ಬರೇ ಬಂದವರು ಬಫೆಯಲ್ಲಿ ಎಷ್ಟು ತಿಂತಾರೆ ಅಂತ ನೀವು ನೋಡಿಲ್ಲ.